50ನೇ ವಯಸ್ಸಿನಲ್ಲಿ ಒಲಿಂಪಿಕ್ ಚಿನ್ನ: ಗೆರೆವಿಚ್ ಕತೆ ನಿಜವೇ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಒಂದು ವರ್ಷದಿಂದ ಫೆನ್ಸಿಂಗ್, ಅಂದರೆ ಕತ್ತಿವರಸೆ ಕಲಿಯುತ್ತಿದ್ದಾಳೆ, ಸೇಬರ್ ಎಂಬ ಬಗೆಯ ಕತ್ತಿಯಲ್ಲಿ ಆಡುತ್ತಾಳೆ. ಹಂಗೇರಿಯ ಗೆರೆವಿಚ್ ಎನ್ನುವವರು ಆರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು, ಕೊನೆಯದನ್ನು 50ನೇ ವಯಸ್ಸಿನಲ್ಲಿ ಗೆದ್ದರು ಅಂತ ಅವಳ ಕೋಚ್ ಹೇಳಿದರಂತೆ. ನಮ್ಮ ಮನೆಯವರು ನಂಬುತ್ತಿಲ್ಲ. "ನಿಜ ಇದ್ದರೂ ಅದೆಲ್ಲ ತಂಡದ ಪದಕ. ಒಳ್ಳೆ ಹುಡುಗರ ಜೊತೆ ಒಬ್ಬ ವಯಸ್ಸಾದವರು ಸೇರಿಕೊಂಡಿರಬೇಕು" ಅನ್ನುತ್ತಾರೆ. ನಿಜ ಏನು? 50ರಲ್ಲಿ ಅದು ಹೇಗೆ ಸಾಧ್ಯವಾಯಿತು? ಮಗಳು ಈಗ ದಿನಾ ಇದನ್ನೇ ಕೇಳುತ್ತಾಳೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕೋಚ್ ಹೇಳಿದ್ದು ಪೂರ್ತಿ ನಿಜ. ಅಲಾದಾರ್ ಗೆರೆವಿಚ್ ಹುಟ್ಟಿದ್ದು 1910ರ ಮಾರ್ಚ್ 16ರಂದು, ಹಂಗೇರಿಯ ಯಾಸ್ಬೆರೇನ್ ಎಂಬ ಊರಿನಲ್ಲಿ. 1932ರಲ್ಲಿ ಲಾಸ್ ಏಂಜಲೀಸ್, 1936ರಲ್ಲಿ ಬರ್ಲಿನ್, 1948ರಲ್ಲಿ ಲಂಡನ್, 1952ರಲ್ಲಿ ಹೆಲ್ಸಿಂಕಿ, 1956ರಲ್ಲಿ ಮೆಲ್ಬರ್ನ್, 1960ರಲ್ಲಿ ರೋಮ್. ಈ ಆರೂ ಕಡೆ ಸೇಬರ್ ತಂಡದ ಚಿನ್ನ ಗೆದ್ದರು. ಮೊದಲನೆಯದು 22ನೇ ವಯಸ್ಸಿನಲ್ಲಿ, ಕೊನೆಯದು 50ರಲ್ಲಿ. ನಡುವೆ 28 ವರ್ಷ. ಸತತ ಆರು ಒಲಿಂಪಿಕ್ಸ್‌ಗಳಲ್ಲಿ ಒಂದೇ ಸ್ಪರ್ಧೆಯ ಚಿನ್ನ ಗೆದ್ದ ಮೊದಲಿಗರು ಇವರು.

ಈಗ ನಿಮ್ಮ ಯಜಮಾನರ ಅನುಮಾನಕ್ಕೆ ಬರೋಣ. ಅವರು ಕೇಳಿದ್ದು ತಪ್ಪೇನಲ್ಲ. ತಂಡದ ಪದಕ ಅಂದ ತಕ್ಷಣ ಯಾರಿಗಾದರೂ ಹಾಗೆ ಅನ್ನಿಸುತ್ತದೆ. ಆದರೆ ಗೆರೆವಿಚ್ ಅವರದ್ದು ಒಟ್ಟು ಏಳು ಚಿನ್ನ. ಏಳನೆಯದು 1948ರ ಲಂಡನ್‌ನಲ್ಲಿ, ಒಬ್ಬರೇ ಆಡಿ ಗೆದ್ದದ್ದು. ಆಗ ಅವರಿಗೆ 38. ಬರ್ಲಿನ್‌ನಲ್ಲಿ ವೈಯಕ್ತಿಕ ಕಂಚು, ಹೆಲ್ಸಿಂಕಿಯಲ್ಲಿ ವೈಯಕ್ತಿಕ ಬೆಳ್ಳಿ. ಜೊತೆಗೆ ಹೆಲ್ಸಿಂಕಿಯಲ್ಲೇ ಫಾಯಿಲ್ ತಂಡದ ಕಂಚೂ ಬಂತು. ಫಾಯಿಲ್ ಬೇರೆಯೇ ಬಗೆಯ ಕತ್ತಿ, ಅವರ ಆಯುಧವೇ ಅಲ್ಲ! ಒಟ್ಟು ಹತ್ತು ಪದಕ. ಇನ್ನು ವಿಶ್ವ ಚಾಂಪಿಯನ್‌ಶಿಪ್ ನೋಡಿ. ವೈಯಕ್ತಿಕ ಸೇಬರ್‌ನಲ್ಲಿ 1935ರಲ್ಲಿ ಲೂಸಾನ್, 1951ರಲ್ಲಿ ಸ್ಟಾಕ್‌ಹೋಮ್, 1955ರಲ್ಲಿ ರೋಮ್. ರೋಮ್‌ನಲ್ಲಿ ಒಬ್ಬರೇ ಆಡಿ ಇಡೀ ಜಗತ್ತನ್ನು ಗೆದ್ದಾಗ ಅವರಿಗೆ 45 ವರ್ಷ. ಯಾರ ನೆರಳಲ್ಲೋ ನಿಂತು ಪದಕ ತಗೊಂಡ ಮನುಷ್ಯ ಅಲ್ಲ ಅವರು.

ಆಗಿನ ತಂಡದ ಪಂದ್ಯದ ಲೆಕ್ಕ ಗೊತ್ತಾದರೆ ಇನ್ನೂ ಸ್ಪಷ್ಟವಾಗುತ್ತದೆ. ಈಗ ತಂಡಕ್ಕೆ ಮೂವರು, ಒಂಬತ್ತು ಬೌಟ್ (ಇಬ್ಬರ ನಡುವಿನ ಒಂದೊಂದು ಆಟ), 45 ಟಚ್‌ವರೆಗೆ (ತಾಗಿದ ಏಟುಗಳು) ಸ್ಕೋರ್ ಕೂಡುತ್ತಾ ಹೋಗುತ್ತದೆ. ಒಬ್ಬರು ಕಳೆದುಕೊಂಡದ್ದನ್ನು ಇನ್ನೊಬ್ಬರು ತುಂಬಿಕೊಡಬಹುದು. ಆಗ ಹಾಗಿರಲಿಲ್ಲ. ನಾಲ್ವರ ಎದುರು ನಾಲ್ವರು. ಈ ಕಡೆಯ ಒಬ್ಬೊಬ್ಬರೂ ಆ ಕಡೆಯ ನಾಲ್ವರ ಜೊತೆಗೂ ಆಡಬೇಕು. ಒಟ್ಟು 16 ಬೌಟ್. ಪ್ರತಿಯೊಂದೂ ಐದು ಟಚ್‌ಗೆ, ಪ್ರತಿಯೊಂದಕ್ಕೂ ಬೇರೆ ಸೋಲು, ಬೇರೆ ಗೆಲುವು. ಒಬ್ಬರು ನಾಲ್ಕೂ ಸೋತರೆ ಉಳಿದ ಮೂವರು 12ರಲ್ಲಿ ಒಂಬತ್ತು ಗೆಲ್ಲಬೇಕು. ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲದ ಆಟ ಅದು. ಐದು ಟಚ್ ಅಂದರೆ ಎರಡು ತಪ್ಪು ಮಾಡುವಷ್ಟರಲ್ಲಿ ಬೌಟ್ ಕೈಬಿಟ್ಟು ಹೋಗಿರುತ್ತದೆ.

ಇನ್ನೊಂದು ವಿಷಯ. ಆ ಕಾಲದಲ್ಲಿ ಹಂಗೇರಿಯ ಸೇಬರ್ ತಂಡಕ್ಕೆ ಆಯ್ಕೆಯಾಗುವುದು ಒಲಿಂಪಿಕ್ಸ್ ಗೆಲ್ಲುವುದಕ್ಕಿಂತ ಕಷ್ಟ ಇತ್ತು ಅಂತ ನಾನು ನಂಬಿದ್ದೇನೆ. 1908ರಿಂದ 1964ರವರೆಗೆ ಒಲಿಂಪಿಕ್ಸ್‌ನ ವೈಯಕ್ತಿಕ ಸೇಬರ್ ಚಿನ್ನ ಹಂಗೇರಿಯ ಕೈತಪ್ಪಿದ್ದು ಒಂದೇ ಸಲ, 1920ರಲ್ಲಿ. ಆ ವರ್ಷ ಹಂಗೇರಿಯನ್ನು ಕರೆದೇ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸೋತ ದೇಶ ಅಂತ ಹೊರಗಿಟ್ಟಿದ್ದರು. ತಂಡದ ಚಿನ್ನವಂತೂ 1928ರಿಂದ 1960ರವರೆಗೆ ಒಮ್ಮೆಯೂ ಬೇರೆ ದೇಶಕ್ಕೆ ಹೋಗಲಿಲ್ಲ. ಗೆರೆವಿಚ್ ಅವರಿಗೆ ಪೈಪೋಟಿ ಕೊಟ್ಟವರು ಬೇರೆ ದೇಶದಲ್ಲಿ ಇರಲಿಲ್ಲ. ಪಕ್ಕದ ಪಿಸ್ಟ್‌ನಲ್ಲೇ, ಅಂದರೆ ಆಡುವ ಪಟ್ಟಿಯಲ್ಲೇ ಇದ್ದರು.

ಒಂದು ಸಣ್ಣ ದೇಶಕ್ಕೆ ಇದು ಹೇಗೆ ಬಂತು ಅಂತ ಮಗಳು ಕೇಳಿದರೆ ಇತಾಲೊ ಸಂತೆಲ್ಲಿ ಹೆಸರು ಹೇಳಿ. ಇಟಲಿಯ ಈ ಗುರು 1896ರಲ್ಲಿ ಬುಡಾಪೆಸ್ಟ್‌ಗೆ ಬಂದು ಅಲ್ಲೇ ನೆಲೆ ನಿಂತರು. ಅವರ ನಂತರ ಸೈನ್ಯದ ತರಬೇತಿ ಶಾಲೆಯಲ್ಲಿ ಲಾಸ್ಲೊ ಬೊರ್ಶೊದಿ ಕಲಿಸಿದರು. ಇವರ ಕೈಯಲ್ಲಿ ಸೇಬರ್ ಆಟದ ರೀತಿಯೇ ಬದಲಾಯಿತು. ಮೊದಲು ಮೊಣಕೈಯಿಂದ ಅಗಲವಾಗಿ ಬೀಸುತ್ತಿದ್ದರು. ಹಂಗೇರಿಯವರು ಆ ಕೆಲಸವನ್ನು ಮಣಿಕಟ್ಟಿಗೆ, ಬೆರಳಿಗೆ ತಂದರು.

ಇದನ್ನು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ, ಮಗಳ ಹತ್ತಿರ ಸೇಬರ್ ಇದೆಯಲ್ಲ, ಮಾಡಿ ನೋಡಲು ಹೇಳಿ. ಹಿಡಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯಬೇಕು. ಉಳಿದ ಮೂರು ಬೆರಳು ಸಡಿಲ. ಮೊಣಕೈ ಅಲ್ಲಾಡಿಸದೆ ಆ ಮೂರು ಬೆರಳನ್ನು ಮಾತ್ರ ಗಪ್ಪನೆ ಮುಚ್ಚಿದರೆ ಕತ್ತಿಯ ತುದಿ ಮುಂದಕ್ಕೆ ಬಡಿಯುತ್ತದೆ. ಬೆರಳು ಸಡಿಲ ಬಿಟ್ಟರೆ ಮೇಲಕ್ಕೆ ಬರುತ್ತದೆ. ಕೈ ಒಂದಿಂಚು ಚಲಿಸಿದರೆ ತುದಿ ಒಂದು ಗೇಣಿಗಿಂತ ಜಾಸ್ತಿ ಚಲಿಸುತ್ತದೆ. ಸೇಬರ್ ತೂಕ ಅರ್ಧ ಕಿಲೋ ಒಳಗೇ. ತೋಳಿನ ಬಲ ಬೇಕಾಗಿಯೇ ಇಲ್ಲ. ತೋಳಿನಿಂದ ಬೀಸುವವರು ಬೀಸುವ ಮುಂಚೆಯೇ ಭುಜ ಎತ್ತಿ ಎದುರಾಳಿಗೆ ಸುದ್ದಿ ಕೊಡುತ್ತಾರೆ. ಬೆರಳಿನಿಂದ ಹೊಡೆಯುವವರ ಏಟು ಬಿದ್ದ ಮೇಲೆಯೇ ಗೊತ್ತಾಗುವುದು. ನಾನು ಹೊಸ ಮಕ್ಕಳಿಗೆ ಒಂದು ತಿಂಗಳು ಇದೊಂದನ್ನೇ ಮಾಡಿಸುತ್ತೇನೆ. ಬೇಜಾರು ಮಾಡಿಕೊಳ್ಳುತ್ತಾರೆ. ಆದರೂ ಬಿಡುವುದಿಲ್ಲ.

50ರಲ್ಲಿ ಹೇಗೆ ಸಾಧ್ಯ ಅನ್ನುವ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ತೊಡೆಯ ಕಸುವು 30 ದಾಟಿದ ಮೇಲೆ ಇಳಿಯುತ್ತದೆ. ಬೆರಳು ಅಷ್ಟು ಬೇಗ ಮುದಿಯಾಗುವುದಿಲ್ಲ.

ಇನ್ನರ್ಧ ಉತ್ತರ ದೂರದಲ್ಲಿದೆ. ಇಬ್ಬರು ಆಟಗಾರರ ನಡುವಿನ ದೂರ. ಸೇಬರ್‌ನಲ್ಲಿ ಇಬ್ಬರಿಗೂ ಏಟು ಬಿದ್ದರೆ ಅಟ್ಯಾಕ್ ಮೊದಲು ಶುರು ಮಾಡಿದವರಿಗೆ ಪಾಯಿಂಟ್. ಅದನ್ನು ತಡೆದರೆ, ಅಂದರೆ ಪ್ಯಾರಿ ಮಾಡಿದರೆ, ಪಾಯಿಂಟ್‌ನ ಹಕ್ಕು ತಡೆದವರಿಗೆ ಬರುತ್ತದೆ. ಆಮೇಲೆ ಅವರು ಹೊಡೆಯುವ ತಿರುಗೇಟು ರಿಪೋಸ್ಟ್. ಏಟು ಗುರಿ ತಪ್ಪಿ ಗಾಳಿಗೆ ಹೋದರೂ ಹಕ್ಕು ಕಳೆದುಹೋಗುತ್ತದೆ. ಈಗ ಯೋಚಿಸಿ. 20ರ ಹುಡುಗ ಮಿಂಚಿನ ಹಾಗೆ ಲಂಜ್ ಮಾಡಿ, ಅಂದರೆ ಮುಂಗಾಲು ಚಾಚಿ ನುಗ್ಗುತ್ತಾನೆ. ಅನುಭವಿ ಆಟಗಾರ ಓಡಿ ತಪ್ಪಿಸಿಕೊಳ್ಳಬೇಕಾಗಿಲ್ಲ. ಕತ್ತಿಯ ತುದಿ ಬೀಳುವ ಜಾಗದಿಂದ ಒಂದು ಗೇಣು ಹಿಂದೆ ಸರಿದರೆ ಸಾಕು. ಹುಡುಗನ ಕೈ ಪೂರ್ತಿ ಚಾಚಿದೆ, ಕಾಲು ನೆಲಕ್ಕೆ ಬಿದ್ದಿದೆ, ತಕ್ಷಣ ಹಿಂದಕ್ಕೆ ಹೋಗಲು ಆಗುವುದಿಲ್ಲ. ಆ ಒಂದು ಕ್ಷಣ ಅವನು ನಿಂತ ಗೊಂಬೆ. ಗೇಣಿನ ಬದಲು ಒಂದು ಮೊಳ ಹಿಂದೆ ಹೋದರೆ ತಿರುಗಿ ಹೊಡೆಯಲು ಎಟುಕುವುದಿಲ್ಲ. ಎರಡು ಬೆರಳಷ್ಟೇ ಹೋದರೆ ಏಟು ತಾಗುತ್ತದೆ. ಆ ಕಣ್ಣಳತೆ ಸಾವಿರಾರು ಬೌಟ್ ಆಡಿದ ಮೇಲೆ ಬರುವಂಥದ್ದು.

ಅದಕ್ಕೇ ನಾನು ಹೇಳುವುದು, ಗೆರೆವಿಚ್ ವಯಸ್ಸನ್ನು ಗೆದ್ದರು ಅನ್ನುವುದು ಸರಿಯಲ್ಲ. ವಯಸ್ಸು ಕಿತ್ತುಕೊಳ್ಳುವಂಥದ್ದರ ಮೇಲೆ ಅವರು ಆಟ ಕಟ್ಟಿರಲಿಲ್ಲ.

ಈಗ ಅವರ ಜೀವನಕ್ಕೆ ಬರುತ್ತೇನೆ. ಮೊದಲ ಎರಡು ಒಲಿಂಪಿಕ್ಸ್ ಬೇಗ ಹೇಳಿ ಮುಗಿಸಬಹುದು. 1932ರಲ್ಲಿ ಅವರು ತಂಡದ ಕಿರಿಯರಲ್ಲಿ ಒಬ್ಬರು. ವೈಯಕ್ತಿಕ ಚಿನ್ನ ಗೆದ್ದದ್ದು ಸಹ ಆಟಗಾರ ಜ್ಯೋರ್ಜ್ ಪಿಲ್ಲರ್. ಅದೇ ಲಾಸ್ ಏಂಜಲೀಸ್‌ನಲ್ಲಿ ಎರ್ನಾ ಬೋಗೆನ್ ಎಂಬ ಹಂಗೇರಿಯ ಆಟಗಾರ್ತಿ ಮಹಿಳೆಯರ ಫಾಯಿಲ್‌ನಲ್ಲಿ ಕಂಚು ಗೆದ್ದರು. ಅವರೇ ಮುಂದೆ ಗೆರೆವಿಚ್ ಅವರನ್ನು ಮದುವೆಯಾದರು. ಎರ್ನಾ ಅವರ ತಂದೆಯೂ ಫೆನ್ಸರ್. 1912ರಲ್ಲಿ ಆಸ್ಟ್ರಿಯಾ ಪರ ಸೇಬರ್ ತಂಡದ ಬೆಳ್ಳಿ ಗೆದ್ದವರು. 1936ರಲ್ಲಿ ಬರ್ಲಿನ್‌ನ ವೈಯಕ್ತಿಕ ಚಿನ್ನ ಎಂಡ್ರೆ ಕಾಬೊಶ್ ಅವರಿಗೆ ಹೋಯಿತು, ಗೆರೆವಿಚ್ ಮೂರನೆಯವರಾದರು.

ಬರ್ಲಿನ್ ಆದಾಗ ಅವರಿಗೆ 26. ಆಟಗಾರನ ಅತ್ಯುತ್ತಮ ವರ್ಷಗಳು ಎದುರಿಗಿದ್ದವು. ಆದರೆ 1940ರ ಒಲಿಂಪಿಕ್ಸ್ ನಡೆಯಲಿಲ್ಲ, 1944ರದ್ದೂ ನಡೆಯಲಿಲ್ಲ. ಅವರ ದಾಖಲೆಯ ಪಟ್ಟಿ ನೋಡುವಾಗ ನನ್ನ ಕಣ್ಣು ಪ್ರತಿ ಸಲ 1936 ಮತ್ತು 1948ರ ನಡುವಿನ ಖಾಲಿ ಜಾಗದಲ್ಲೇ ನಿಲ್ಲುತ್ತದೆ. 30 ಮತ್ತು 34ನೇ ವಯಸ್ಸಿನ ಎರಡು ಒಲಿಂಪಿಕ್ಸ್ ಅವರ ಪಾಲಿಗೆ ಇರಲೇ ಇಲ್ಲ. ಎಷ್ಟು ಪದಕ ತಪ್ಪಿದವು ಅಂತ ಲೆಕ್ಕ ಹಾಕುವವರಿದ್ದಾರೆ. ನನಗೆ ಹಾಗೆ ಲೆಕ್ಕ ಹಾಕಲು ಮನಸ್ಸು ಬರುವುದಿಲ್ಲ. ಯಾಕೆಂದರೆ ಅವರ ಜೊತೆಗಾರರಿಗೆ ಆದದ್ದು ಪದಕ ತಪ್ಪುವುದಕ್ಕಿಂತ ದೊಡ್ಡದು. 1932ರಲ್ಲಿ ಜೊತೆಗೆ ಚಿನ್ನ ಗೆದ್ದ ಅತ್ತಿಲಾ ಪೆಚಾವರ್ ಯಹೂದಿ. ಅವರನ್ನು ಬಲವಂತದ ದುಡಿಮೆಗೆ ಹಿಡಿದುಕೊಂಡು ಹೋದರು. 1943ರಲ್ಲಿ ಉಕ್ರೇನ್‌ನ ಶಿಬಿರವೊಂದರಲ್ಲಿ ತೀರಿಕೊಂಡರು. ಬರ್ಲಿನ್ ಚಾಂಪಿಯನ್ ಕಾಬೊಶ್ ಕೂಡ ಯಹೂದಿ. 1944ರ ನವೆಂಬರ್ 4ರಂದು ಬುಡಾಪೆಸ್ಟ್‌ನ ಮಾರ್ಗರೆಟ್ ಸೇತುವೆಯಲ್ಲಿ ಜರ್ಮನ್ ಸೈನಿಕರು ಇಟ್ಟಿದ್ದ ಸಿಡಿಮದ್ದು ಸಿಡಿದಾಗ ಅವರು ಸೇತುವೆಯ ಮೇಲಿದ್ದರು. ಒಂದೇ ದಿನ ಕಳೆದಿದ್ದರೆ ಅವರಿಗೆ 38 ತುಂಬುತ್ತಿತ್ತು.

ಗೆರೆವಿಚ್ ಲಂಡನ್‌ನಲ್ಲಿ ವೈಯಕ್ತಿಕ ಚಿನ್ನ ಗೆದ್ದದ್ದೂ 38ನೇ ವಯಸ್ಸಿನಲ್ಲೇ. ಕಾಬೊಶ್ ಮುಟ್ಟದೇ ಹೋದ ವಯಸ್ಸದು.

1948ರ ಆ ತಂಡದಲ್ಲಿದ್ದ ನಾಲ್ವರನ್ನು ಸ್ವಲ್ಪ ನೋಡಿ. ಗೆರೆವಿಚ್, ಪಾಲ್ ಕೊವಾಚ್, ತಿಬೋರ್ ಬೆರ್ತ್ಸೆಲ್ಲಿ, ಲಾಸ್ಲೊ ರಾಯ್ಚಾನಿ. ಈ ನಾಲ್ವರೂ 1936ರ ಬರ್ಲಿನ್‌ನಲ್ಲಿ ಗೆದ್ದವರೇ. 12 ವರ್ಷ, ಒಂದು ಮಹಾಯುದ್ಧ, ಮುತ್ತಿಗೆಯಲ್ಲಿ ಪುಡಿಯಾದ ರಾಜಧಾನಿ. ಇಷ್ಟೆಲ್ಲ ಆದ ಮೇಲೂ ಅದೇ ನಾಲ್ವರು ವಾಪಸ್ ಬಂದು ಗೆದ್ದರು. 1952ರ ಹೆಲ್ಸಿಂಕಿಯಲ್ಲೂ ಅದೇ ನಾಲ್ವರಿದ್ದರು! ಅಲ್ಲಿ ವೈಯಕ್ತಿಕ ಸೇಬರ್‌ನ ಮೂರೂ ಪದಕ ಹಂಗೇರಿಗೆ ಬಂದವು. ಕೊವಾಚ್ ಅವರಿಗೆ ಚಿನ್ನ, ಗೆರೆವಿಚ್ ಅವರಿಗೆ ಬೆಳ್ಳಿ, ಬೆರ್ತ್ಸೆಲ್ಲಿ ಅವರಿಗೆ ಕಂಚು. ಆಗ ಗೆರೆವಿಚ್ ಅವರಿಗೆ 42.

1956 ಬೇರೆ ಥರದ ಪರೀಕ್ಷೆ. ಆ ಅಕ್ಟೋಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಜನ ದಂಗೆ ಎದ್ದರು. ನವೆಂಬರ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಬಂದು ಅದನ್ನು ತುಳಿದವು. ಅದೇ ತಿಂಗಳ ಕೊನೆಗೆ ಮೆಲ್ಬರ್ನ್ ಒಲಿಂಪಿಕ್ಸ್ ಶುರು. ಊರಲ್ಲಿ ಹೆಂಡತಿ ಮಕ್ಕಳು ಹೇಗಿದ್ದಾರೋ ಎಂಬ ಚಿಂತೆ ಹೊತ್ತುಕೊಂಡೇ ಹಂಗೇರಿಯ ಆಟಗಾರರು ಆಡಬೇಕಾಯಿತು. ಸೇಬರ್ ತಂಡ ಮತ್ತೆ ಗೆದ್ದಿತು. ಆದರೆ ಬದಲಿ ಆಟಗಾರರೂ ಸೇರಿ ತಂಡದಲ್ಲಿದ್ದ ಆರು ಜನರಲ್ಲಿ ಮೂವರು, ಕೆರೆಸ್ತೆಶ್, ಹಾಮೊರಿ ಮತ್ತು ಮಗಾಯ್, ಊರಿಗೆ ಮರಳದೆ ಅಮೆರಿಕ ಸೇರಿದರು. 1932ರ ಚಾಂಪಿಯನ್, ಆಗ ಗುರುವಾಗಿದ್ದ ಪಿಲ್ಲರ್ ಕೂಡ ಅಮೆರಿಕಕ್ಕೆ ಹೋದರು. ಉಳಿದ ಮೂವರು, ಗೆರೆವಿಚ್, ಕೊವಾಚ್ ಮತ್ತು ಕಾರ್ಪಾತಿ, ಮನೆಗೆ ಮರಳಿದರು. ಹೋದವರು ಸರಿಯೋ, ಮರಳಿದವರು ಸರಿಯೋ ಅನ್ನುವ ಮಾತು ನನಗೆ ಬೇಡ. ಟ್ಯಾಂಕು ನಿಂತ ಬೀದಿಯಲ್ಲಿ ಮನೆ ಇದ್ದವರಿಗೆ ಮಾತ್ರ ಆ ಮಾತಾಡುವ ಹಕ್ಕು.

ಇನ್ನು 1960. ನಿಮ್ಮ ಮಗಳಿಗೆ ಕೋಚ್ ಹೇಳಿರುವುದು ಈ ಕತೆಯೇ ಇರಬೇಕು, ಯಾಕೆಂದರೆ ಸೇಬರ್ ಆಡುವವರೆಲ್ಲ ಇದನ್ನು ಕೇಳಿಕೊಂಡೇ ಬೆಳೆಯುತ್ತಾರೆ. ರೋಮ್‌ಗೆ ತಂಡ ಆರಿಸುವಾಗ ಹಂಗೇರಿಯ ಆಯ್ಕೆಗಾರರು, "ನಿಮಗೆ ವಯಸ್ಸಾಯಿತು" ಅಂದರು. ಗೆರೆವಿಚ್ ಜಗಳ ಆಡಲಿಲ್ಲ. ಹಳೆಯ ಪದಕಗಳ ಲೆಕ್ಕವನ್ನೂ ಒಪ್ಪಿಸಲಿಲ್ಲ. ತಂಡದವರೆಲ್ಲರ ಜೊತೆ ಒಬ್ಬೊಬ್ಬರಾಗಿ ಆಡುತ್ತೇನೆ ಅಂದರು. ಆಡಿದರು. ಎಲ್ಲರನ್ನೂ ಸೋಲಿಸಿದರು.

ಈ ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಾರೆ. ಆದರೆ ಆ ಎದುರಾಳಿಗಳು ಯಾರು ಅನ್ನುವುದನ್ನು ಬಿಟ್ಟರೆ ಕತೆಯ ತೂಕವೇ ಹೋಗುತ್ತದೆ. ರುಡಾಲ್ಫ್ ಕಾರ್ಪಾತಿ ಆಗ ಹಾಲಿ ಒಲಿಂಪಿಕ್ ಚಾಂಪಿಯನ್, ಹಿಂದಿನ ವರ್ಷವಷ್ಟೇ ವಿಶ್ವ ಚಾಂಪಿಯನ್ ಆಗಿದ್ದವರು. ರೋಮ್‌ನಲ್ಲೂ ವೈಯಕ್ತಿಕ ಚಿನ್ನ ಅವರಿಗೇ ಬಂತು. ಕೊವಾಚ್ ಬಗ್ಗೆ ಆಗಲೇ ಹೇಳಿದೆ. ಕಾರ್ಪಾತಿ, ಕೊವಾಚ್ ಇಬ್ಬರೂ ತಲಾ ಆರು ಒಲಿಂಪಿಕ್ ಚಿನ್ನ ಗೆದ್ದವರು. ಅಂಥವರಿದ್ದ ಹಾಲ್‌ನಲ್ಲಿ 50ರ ಮನುಷ್ಯ ಮುಖವಾಡ ತೊಟ್ಟು ಪಿಸ್ಟ್ ಹತ್ತಿದ್ದು.

ಆಯ್ಕೆಗಾರರಿಗೂ ಭಯ ಇತ್ತು ಅನ್ನುವುದನ್ನು ಮರೆಯಬಾರದು. 1959ರಲ್ಲಿ ಬುಡಾಪೆಸ್ಟ್‌ನಲ್ಲೇ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸೇಬರ್ ತಂಡದ ಚಿನ್ನ ಪೋಲೆಂಡ್ ಪಾಲಾಗಿತ್ತು. ತಮ್ಮ ಮನೆಯಲ್ಲೇ, ತಮ್ಮ ಜನರ ಎದುರಲ್ಲೇ ಸೋತಿದ್ದರು. ಹಳಬರನ್ನು ಬಿಟ್ಟು ಹೊಸಬರನ್ನು ತರಬೇಕು ಅಂತ ಅನ್ನಿಸುವುದು ಸಹಜ ಅಲ್ವಾ? ಮುಂದಿನ ವರ್ಷ ರೋಮ್‌ನಲ್ಲಿ ಅದೇ ಪೋಲೆಂಡ್ ಬೆಳ್ಳಿಗೆ ತೃಪ್ತಿಪಡಬೇಕಾಯಿತು. ಹಂಗೇರಿಗೆ ಚಿನ್ನ, ಇಟಲಿಗೆ ಕಂಚು. 1964ರ ಟೋಕಿಯೊಗೆ ಗೆರೆವಿಚ್ ಹೋಗಲಿಲ್ಲ. ಅಲ್ಲಿ ತಂಡದ ಚಿನ್ನ ಸೋವಿಯತ್ ಒಕ್ಕೂಟಕ್ಕೆ ಹೋಯಿತು. 32 ವರ್ಷ ಕೈಬಿಡದೆ ಹಿಡಿದುಕೊಂಡಿದ್ದ ಪದಕ ಅದು.

"ಇವತ್ತಿನ ಕಾಲದಲ್ಲಿ ಆಗಿದ್ದರೆ ಗೆಲ್ಲುತ್ತಿದ್ದರಾ?" ಇದನ್ನು ನೀವು ಕೇಳಿಲ್ಲ, ಆದರೆ ಮಗಳು ಕೇಳಿಯೇ ಕೇಳುತ್ತಾಳೆ. ನನ್ನ ಅಭಿಪ್ರಾಯ ಹೇಳುತ್ತೇನೆ. 50ರಲ್ಲಿ ಗೆಲ್ಲುತ್ತಿರಲಿಲ್ಲ. ಆಗ ಏಟು ಬಿತ್ತೋ ಇಲ್ಲವೋ ಅಂತ ನೋಡಲು ಪಿಸ್ಟ್‌ನ ನಾಲ್ಕು ಮೂಲೆಯಲ್ಲಿ ನಾಲ್ವರು ತೀರ್ಪುಗಾರರು, ನಡುವೆ ಒಬ್ಬ ಮುಖ್ಯ ತೀರ್ಪುಗಾರ. ಎಲ್ಲ ಬರಿಗಣ್ಣಿನ ಲೆಕ್ಕ. ಏಟು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ಬೀಳಬೇಕಿತ್ತು. ತಡೆದದ್ದೂ ಸ್ಪಷ್ಟವಾಗಿ ಕಾಣಬೇಕಿತ್ತು. ಶುದ್ಧವಾಗಿ ಆಡುವವರಿಗೆ ಆ ಪದ್ಧತಿ ಅನುಕೂಲ. ಒಲಿಂಪಿಕ್ಸ್ ಸೇಬರ್‌ಗೆ ವಿದ್ಯುತ್ ಯಂತ್ರ ಬಂದದ್ದು 1992ರಲ್ಲಿ. ಈಗ ಗುರಿಯ ಜಾಗದಲ್ಲಿ ಕತ್ತಿ ಸ್ವಲ್ಪ ಸೋಕಿದರೂ ದೀಪ ಹೊತ್ತಿಕೊಳ್ಳುತ್ತದೆ. ಹಾಗಾಗಿ ಕಾಲಿನ ವೇಗಕ್ಕೆ ಬೆಲೆ ಜಾಸ್ತಿ ಆಯಿತು. ವೈಯಕ್ತಿಕ ನಾಕೌಟ್ ಬೌಟ್ 15 ಟಚ್‌ಗೆ. ದಿನಕ್ಕೆ ಹಲವು ಬೌಟ್. 50ರ ಮೊಣಕಾಲು ಅದನ್ನು ತಡೆಯುವುದಿಲ್ಲ. ನನಗೇ ಈಗ 52, ಅದರ ಅನುಭವ ಇದೆ.

ಆದರೆ 38ರ ಗೆರೆವಿಚ್ ಬಗ್ಗೆ ಕೇಳಿದರೆ, ಗೆಲ್ಲುತ್ತಿದ್ದರು ಅಂತ ಧೈರ್ಯವಾಗಿ ಹೇಳುತ್ತೇನೆ. ಅದಕ್ಕೆ ಸಾಕ್ಷಿ ಅವರದೇ ದೇಶದ ಆರೋನ್ ಸಿಲಾಡಿ. 2012, 2016 ಮತ್ತು 2021ರಲ್ಲಿ ನಡೆದ ಟೋಕಿಯೊ, ಮೂರು ಒಲಿಂಪಿಕ್ಸ್‌ಗಳಲ್ಲಿ ಸತತವಾಗಿ ವೈಯಕ್ತಿಕ ಸೇಬರ್ ಚಿನ್ನ. ಗೆರೆವಿಚ್ ಕೂಡ ಮಾಡದ ಸಾಧನೆ ಅದು. ಸಿಲಾಡಿ ಬೌಟ್‌ಗಳ ವಿಡಿಯೋ ಇಂಟರ್ನೆಟ್‌ನಲ್ಲಿ ಬೇಕಾದಷ್ಟು ಇವೆ. ಮಗಳ ಜೊತೆ ಕೂತು ನಿಧಾನಗತಿಯಲ್ಲಿ ನೋಡಿ. ಕತ್ತಿ ನೋಡಬೇಡಿ, ಕಾಲು ನೋಡಿ. ಎದುರಾಳಿ ಬೀಸಿದಾಗ ಅವರು ಎಷ್ಟು ಹಿಂದೆ ಸರಿಯುತ್ತಾರೆ ಅಂತ ಗಮನಿಸಿ. ಆ ಒಂದು ಗೇಣು ನಿಮಗೇ ಕಾಣಿಸುತ್ತದೆ.

ಗೆರೆವಿಚ್ ಆಟ ಬಿಟ್ಟ ಮೇಲೆ ಬುಡಾಪೆಸ್ಟ್‌ನ ವಾಶಾಶ್ ಕ್ಲಬ್‌ನಲ್ಲಿ ಕಲಿಸಿದರು. ಮಗ ಪಾಲ್ ಕೂಡ ಸೇಬರ್ ಹಿಡಿದು 1972 ಮತ್ತು 1980ರಲ್ಲಿ ತಂಡದ ಕಂಚು ಗೆದ್ದರು. ಮಾವ, ಹೆಂಡತಿ, ಗಂಡ, ಮಗ, ನಾಲ್ವರಿಗೂ ಒಲಿಂಪಿಕ್ ಪದಕ. 1991ರ ಮೇ 14ರಂದು ಗೆರೆವಿಚ್ ತೀರಿಕೊಂಡರು. ಆಗ ಅವರಿಗೆ 81.

ಒಂದು ಮಾತು ಮಗಳಿಗೆ ನೇರವಾಗಿ ಹೇಳಿ. ಎರ್ನಾ ಬೋಗೆನ್ ಕಾಲದಲ್ಲಿ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ ಇದ್ದದ್ದು ಫಾಯಿಲ್ ಒಂದೇ. ತಂದೆಯೂ ಸೇಬರ್, ಗಂಡನೂ ಸೇಬರ್, ಆದರೆ ಎರ್ನಾ ಒಲಿಂಪಿಕ್ಸ್‌ನಲ್ಲಿ ಆ ಆಯುಧ ಹಿಡಿಯುವಂತಿರಲಿಲ್ಲ. ಮಹಿಳೆಯರ ಸೇಬರ್ ಒಲಿಂಪಿಕ್ಸ್‌ಗೆ ಬಂದದ್ದು 2004ರಲ್ಲಿ, ಅಥೆನ್ಸ್‌ನಲ್ಲಿ. ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಫೆನ್ಸರ್ ಚೆನ್ನೈನ ಭವಾನಿ ದೇವಿ ಆಡಿದ್ದೂ ಸೇಬರನ್ನೇ. ಟೋಕಿಯೊದಲ್ಲಿ ಅವರು ಮೊದಲ ಬೌಟ್ 15-3ರಲ್ಲಿ ಗೆದ್ದು, ಎರಡನೆಯದನ್ನು ಫ್ರಾನ್ಸ್‌ನ ಮನೋನ್ ಬ್ರುನೆ ಎದುರು 7-15ರಲ್ಲಿ ಸೋತರು.

ಮುಂದಿನ ವಾರ ಅಭ್ಯಾಸಕ್ಕೆ ಹೋದಾಗ ಮಗಳು ಒಂದು ಬೌಟ್ ಹೀಗೆ ಆಡಲಿ. ತಾನಾಗಿ ಅಟ್ಯಾಕ್ ಮಾಡುವುದು ಬೇಡ. ಎದುರಿನವರು ಬೀಸಿದಾಗಲೆಲ್ಲ ಒಂದು ಗೇಣು ಹಿಂದೆ ಸರಿದು ತಿರುಗೇಟು ಕೊಡಲಿ. ಮೊದಲ ಸಲ 0-5 ಆಗುತ್ತದೆ, ಆಗಲಿ. ಸ್ಕೋರ್ ಬರೆಯುವುದು ಬೇಡ. ಐದರಲ್ಲಿ ಎಷ್ಟು ಸಲ ಎದುರಾಳಿಯ ಕತ್ತಿ ಗಾಳಿಗೆ ಹೋಯಿತು ಅನ್ನುವುದನ್ನು ಮಾತ್ರ ಬರೆದುಕೊಳ್ಳಲಿ. ಮೂರು ತಿಂಗಳಾದ ಮೇಲೆ ಆ ಸಂಖ್ಯೆ ಎಷ್ಟಾಯಿತು ಅಂತ ನನಗೆ ತಿಳಿಸಿ.